ಸೀಟು ಕೊಟ್ಟವರೂ ಕೇಳಿಯೇ ಮುಟ್ಟಬೇಕು

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು ಮೂರು ವರ್ಷ ಆಯಿತು. ಈಗ 28 ವಾರ, ಇದು ಚೊಚ್ಚಲು. ದಿನಾ ಲೋಕಲ್‌ನಲ್ಲಿ ದಾದರ್‌ಗೆ ಕೆಲಸಕ್ಕೆ ಹೋಗುತ್ತೇನೆ. ಲೇಡೀಸ್ ಡಬ್ಬಾದಲ್ಲಿ ಗುರುತಿಲ್ಲದ ಹೆಂಗಸರು ಹೊಟ್ಟೆ ಮೇಲೆ ಕೈ ಇಡುತ್ತಾರೆ, ಸವರುತ್ತಾರೆ. "ಏಳು ತಿಂಗಳಾ? ಹೊಟ್ಟೆಯೇ ಕಾಣಲ್ಲ" ಅಂತ ಒಬ್ಬರು, "ಅವಳಿನಾ?" ಅಂತ ಇನ್ನೊಬ್ಬರು. ನಮ್ಮ ಬಿಲ್ಡಿಂಗ್‌ನ ಒಬ್ಬ ಹಿರಿಯರು ಆಶೀರ್ವಾದ ಅಂತ ಲಿಫ್ಟ್‌ನಲ್ಲಿ ಎರಡು ಸಲ ಹೊಟ್ಟೆ ಮುಟ್ಟಿದರು. ಗಂಡನಿಗೆ ಹೇಳಿದರೆ "ಬಿಡು, ಪ್ರೀತಿಯಿಂದ ಮಾಡ್ತಾರೆ" ಅಂತಾರೆ. ಅವ್ವ "ದೊಡ್ಡವರಿಗೆ ಎದುರು ಮಾತಾಡಬ್ಯಾಡ" ಅಂತಾಳೆ. ಎರಡು ವಾರದಲ್ಲಿ ಕುಬಸ (ಸೀಮಂತ) ಇದೆ, ಅದನ್ನು ನೆನೆಸಿಕೊಂಡರೇ ಭಯ ಆಗುತ್ತದೆ. ಇದರಿಂದ ಮಗುವಿಗೆ ಏನಾದರೂ ತೊಂದರೆ ಇದೆಯಾ? ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೀನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ.

ಹೆರಿಗೆ ಡಾಕ್ಟರಾಗಿ ಮುಂಬೈಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಈ ಮಾತನ್ನು ಹೆಂಗಸರು ಯಾವಾಗ ಹೇಳುತ್ತಾರೆ ಗೊತ್ತಾ? ಬಿಪಿ ನೋಡಿ ಆಗಿರುತ್ತದೆ, ಮಾತ್ರೆ ಬರೆದು ಆಗಿರುತ್ತದೆ, ಫೈಲ್ ಎತ್ತಿಕೊಂಡು ಬಾಗಿಲ ತನಕ ಹೋಗಿರುತ್ತಾರೆ. ಆಮೇಲೆ ತಿರುಗಿ "ಡಾಕ್ಟರ್, ಒಂದು ಸಣ್ಣ ವಿಷಯ" ಅಂತ ಶುರು ಮಾಡುತ್ತಾರೆ. ಅದು ಸಣ್ಣ ವಿಷಯ ಆಗಿದ್ದರೆ ಬಾಗಿಲಿಂದ ವಾಪಸ್ ಬರುತ್ತಿರಲಿಲ್ಲ ಅಲ್ವಾ?

ಮುಟ್ಟುವವರ ತಲೆಯಲ್ಲಿ ಇರುವುದು ಮಗು. ಅವರಿಗೆ ಆ ಹೊಟ್ಟೆ ಒಂದು ತೊಟ್ಟಿಲು ಇದ್ದ ಹಾಗೆ, ಹತ್ತಿರ ಹೋಗಿ ಇಣುಕಿ, ಕೈ ಇಟ್ಟು ನೋಡಬೇಕು ಅನಿಸುತ್ತದೆ. ಆದರೆ ಕೈ ಬೀಳುವುದು ನಿಮ್ಮ ಮೈ ಮೇಲೆ. ಒಳಗಿರುವ ಮಗುವಿಗೆ ಆ ಕೈ ಯಾರದ್ದು ಅಂತ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಏಳು ತಿಂಗಳ ಹಿಂದೆ ಅದೇ ಹೆಂಗಸು ಅದೇ ಟ್ರೇನ್‌ನಲ್ಲಿ ನಿಮ್ಮ ಹೊಟ್ಟೆ ಸವರಿದ್ದರೆ ಇಡೀ ಡಬ್ಬಾ ತಿರುಗಿ ನೋಡುತ್ತಿತ್ತು. ಈಗ ಯಾರೂ ನೋಡುವುದಿಲ್ಲ, ಕೆಲವರು ನಗುತ್ತಾರೆ ಕೂಡ. ನಿಮ್ಮ ಮೈ ಮಾತ್ರ ಅದೇ ಇದೆ.

ಪ್ರೀತಿ ಅನ್ನುವುದು ಪೂರ್ತಿ ಸುಳ್ಳಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ನಮ್ಮ ಕಡೆ ಬಸುರಿಯನ್ನು ಊರೇ ನೋಡಿಕೊಳ್ಳುತ್ತದೆ. ಓಣಿಯ ಅಜ್ಜಿ ಬಂದು ಹೊಟ್ಟೆ ಮುಟ್ಟಿ "ತಲೆ ಈ ಕಡೆ ಐತಿ" ಅಂತ ಹೇಳಿದರೆ ನಿಮಗೆ ಕಿರಿಕಿರಿ ಆಗದೇ ಇರಬಹುದು, ಯಾಕೆಂದರೆ ಆ ಅಜ್ಜಿ ನಿಮ್ಮನ್ನು ಎತ್ತಿ ಆಡಿಸಿದವರು. ಮುಂಬೈ ಟ್ರೇನಿನಲ್ಲಿ ಹಾಗಲ್ಲ. ಡೊಂಬಿವಲಿಯಿಂದ ದಾದರ್‌ಗೆ ಹೋಗುವಷ್ಟರಲ್ಲಿ ನಾಲ್ಕು ಜನ ಹೊಟ್ಟೆ ಮುಟ್ಟಿರುತ್ತಾರೆ, ನಾಲ್ವರಿಗೂ ನಿಮ್ಮ ಹೆಸರು ಗೊತ್ತಿರುವುದಿಲ್ಲ. ಒಬ್ಬರಿಗೆ ಅದು ಒಂದೇ ಸಲ ಮುಟ್ಟಿದ್ದು, ನಿಮಗೆ ಅದು ದಿನಕ್ಕೆ ನಾಲ್ಕನೇ ಸಲ. ಮುಟ್ಟುವವರಿಗೆ ಈ ಲೆಕ್ಕ ತಿಳಿಯುವುದೇ ಇಲ್ಲ.

ಲೇಡೀಸ್ ಡಬ್ಬಾದಲ್ಲಿ ಇನ್ನೊಂದು ಇದೆ, ನೀವು ಬರೆದಿಲ್ಲ, ಆದರೆ ಬಹಳ ಜನ ನನಗೆ ಹೇಳಿದ್ದಾರೆ. ಯಾರೋ ಎದ್ದು ಸೀಟು ಕೊಡುತ್ತಾರೆ. ಬೆಳಗಿನ ಹೊತ್ತು ಆ ಸೀಟಿನ ಬೆಲೆ ಎಷ್ಟು ಅಂತ ಲೋಕಲ್‌ನಲ್ಲಿ ಓಡಾಡಿದವರಿಗೆ ಮಾತ್ರ ಗೊತ್ತು, ಹತ್ತಿದ ಕೂಡಲೇ "ಕುಠೇ ಉತರಣಾರ?" (ಎಲ್ಲಿ ಇಳಿಯುತ್ತೀರಿ?) ಅಂತ ಕೇಳಿ, ಇಳಿಯುವವರ ಸೀಟನ್ನು ಮೊದಲೇ ಹಿಡಿದುಕೊಳ್ಳುವ ಜಾಗ ಅದು. ಅಂಥ ಸೀಟು ಬಿಟ್ಟುಕೊಟ್ಟವರು ಎದುರಿಗೇ ನಿಂತು "ಎಷ್ಟನೇ ತಿಂಗಳು, ಸ್ಕ್ಯಾನ್ ಆಯ್ತಾ, ಗಂಡ ಏನು ಮಾಡ್ತಾರೆ, ಈ ಸ್ಥಿತಿಯಲ್ಲಿ ಕೆಲಸ ಯಾಕೆ" ಅಂತ ಕೇಳುತ್ತಾರೆ. ಥಾಣೆ ಬರುವಷ್ಟರಲ್ಲಿ ಕೈ ಹೊಟ್ಟೆಗೆ ಬಂದಿರುತ್ತದೆ. ನಿಮಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಸೀಟು ಕೊಟ್ಟಿದ್ದಾರಲ್ಲ, ಹೇಗೆ ಹೇಳುವುದು? ಈ ಋಣದ ಭಾರವೇ ಎಷ್ಟೋ ಜನರ ಬಾಯಿ ಕಟ್ಟುತ್ತದೆ. ಸೀಟಿಗೆ ಥ್ಯಾಂಕ್ಸ್ ಹೇಳಿ, ಮನಸ್ಸು ತುಂಬಿ ಹೇಳಿ. ಅಲ್ಲಿಗೆ ಆ ಲೆಕ್ಕ ಮುಗಿಯಿತು. ಅದಕ್ಕೆ ಬದಲಾಗಿ ನಿಮ್ಮ ಹೊಟ್ಟೆ, ನಿಮ್ಮ ಸಂಸಾರದ ಕಥೆ ಕೊಡಬೇಕಾಗಿಲ್ಲ.

ನನ್ನದೂ ಒಂದು ಹೇಳುತ್ತೇನೆ. ನಾನು ಪಿ.ಜಿ. ಮಾಡುವಾಗ ಬಸುರಿಯಾಗಿದ್ದೆ, 32 ವಾರ. ವಾರ್ಡ್ ರೌಂಡ್ಸ್‌ನಲ್ಲಿ ಒಬ್ಬ ಹಿರಿಯ ಡಾಕ್ಟರು ವಿದ್ಯಾರ್ಥಿಗಳಿಗೆ ಗರ್ಭಕೋಶದ ಎತ್ತರ ಹೇಗೆ ನೋಡುವುದು ಅಂತ ವಿವರಿಸುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ನನ್ನ ಹೊಟ್ಟೆ ಮೇಲೆ ಕೈ ಇಟ್ಟು "ನೋಡಿ, ಇಲ್ಲಿ ತನಕ" ಅಂದರು. ಹತ್ತು ಹನ್ನೆರಡು ಹುಡುಗ ಹುಡುಗಿಯರು ನೋಡುತ್ತಿದ್ದರು. ನಾನು ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಅಂತ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಆದರೂ ಆ ಕೈ ನೆನಪಿದೆ.

ಅದಾದ ಮೇಲೂ ನಾನೇನು ಕಲಿತೆ? ಡಾಕ್ಟರಾಗಿ ನಾನೂ ಅದನ್ನೇ ಮಾಡಿದೆ. ಪೇಶೆಂಟ್ ಮಲಗಿದ ಕೂಡಲೇ ಸೀರೆ ಸರಿಸಿ ಕೈ ಇಡುತ್ತಿದ್ದೆ. ಒಂದು ದಿನ ಮನೆಗೆಲಸ ಮಾಡುವ ಒಬ್ಬ ಹೆಂಗಸು, ರಾಯಚೂರು ಕಡೆಯವಳು, "ಅಮ್ಮಾ, ಹೇಳಿ ಮುಟ್ರಿ, ದಿಗಿಲಾಗ್ತದ" ಅಂದಳು. ಅವತ್ತಿನಿಂದ "ಈಗ ಹೊಟ್ಟೆ ನೋಡ್ತೀನಿ, ಆಗಬಹುದಾ?" ಅಂತ ಕೇಳದೆ ನಾನು ಕೈ ಇಟ್ಟಿಲ್ಲ. ಕೇಳಲು ಒಂದು ನಿಮಿಷವೂ ಬೇಡ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಯಲ್ಲಿ ತಾಯಿಯನ್ನು ಗೌರವದಿಂದ ನೋಡಿಕೊಳ್ಳಬೇಕು ಅಂತ ಇದೆ. ಪರೀಕ್ಷೆ ಮಾಡಲೇಬೇಕಾದ ಡಾಕ್ಟರೇ ಕೇಳಿ ಮುಟ್ಟಬೇಕು ಅಂದ ಮೇಲೆ, ಪಕ್ಕದ ಸೀಟಿನವರು ಕೇಳಲೇಬೇಕು.

ಇನ್ನು ಹೇಗೆ ಹೇಳುವುದು ಅನ್ನುವುದು. ಮಾತಿಗಿಂತ ಮೊದಲು ಮೈ ಹೇಳಲಿ. ಯಾರ ಕೈಯಾದರೂ ಬರುತ್ತಿದೆ ಅನಿಸಿದ ಕೂಡಲೇ ನಿಮ್ಮ ಎರಡೂ ಕೈ ಹೊಟ್ಟೆ ಮೇಲೆ ಇಟ್ಟುಕೊಳ್ಳಿ, ಸ್ವಲ್ಪ ಪಕ್ಕಕ್ಕೆ ತಿರುಗಿ. ಕೂತಿದ್ದರೆ ಬ್ಯಾಗ್ ಮಡಿಲಲ್ಲಿ ಇರಲಿ. ಅರ್ಧಕ್ಕರ್ಧ ಜನ ಇಷ್ಟಕ್ಕೇ ನಿಲ್ಲುತ್ತಾರೆ. ನಿಲ್ಲದಿದ್ದರೆ ಒಂದೇ ವಾಕ್ಯ ಸಾಕು, ಅದನ್ನು ಮನೆಯಲ್ಲಿ ಕನ್ನಡಿ ಮುಂದೆ ಹತ್ತು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ, ಯಾಕೆಂದರೆ ಆ ಹೊತ್ತಿಗೆ ಮಾತು ಹುಡುಕಲು ಹೋದರೆ ಸಿಗುವುದಿಲ್ಲ. ಮರಾಠಿಯಲ್ಲಾದರೆ "ತಾಈ, ಹಾತ್ ಲಾವೂ ನಕಾ, ಮಲಾ ತ್ರಾಸ್ ಹೋತೋ", ಅಂದರೆ ಅಕ್ಕಾ, ಮುಟ್ಟಬೇಡಿ, ನನಗೆ ತ್ರಾಸ ಆಗುತ್ತದೆ. ತ್ರಾಸ ಅನ್ನುವುದು ನಿಮ್ಮ ಹುಬ್ಬಳ್ಳಿಯ ಮಾತೂ ಹೌದು, ನಾಲಿಗೆಗೆ ಸುಲಭವಾಗಿ ಬರುತ್ತದೆ. ಹಿಂದಿಯಲ್ಲಾದರೆ "ಪ್ಲೀಸ್, ಹಾಥ್ ಮತ್ ಲಗಾಇಯೇ." ನಗುತ್ತಾ ಹೇಳಬೇಡಿ. ಸಿಟ್ಟೂ ಬೇಡ. ಟಿಕೆಟ್ ಕೇಳುವ ದನಿಯಲ್ಲಿ ಹೇಳಿ. ನಕ್ಕರೆ ತಮಾಷೆ ಅಂದುಕೊಳ್ಳುತ್ತಾರೆ, ಕೈ ತೆಗೆಯುವುದಿಲ್ಲ.

ಬಹಳ ಜನ "ಡಾಕ್ಟರ್ ಬೇಡ ಅಂದಿದ್ದಾರೆ" ಅಂತ ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತಾರೆ. ಹೇಳಿ, ನನಗೇನೂ ಬೇಜಾರಿಲ್ಲ. ಆದರೆ ದಿನಾ ಡಾಕ್ಟರ ಹೆಸರಿನಲ್ಲೇ ಬೇಡ ಅಂದರೆ "ನನಗೆ ಬೇಡ" ಅನ್ನುವುದಕ್ಕೆ ಬೆಲೆ ಇಲ್ಲ ಅಂತ ನಿಮಗೇ ಅನಿಸಲು ಶುರುವಾಗುತ್ತದೆ. ವಾರಕ್ಕೊಂದು ಸಲವಾದರೂ ಕಾರಣ ಕೊಡದೆ ಬೇಡ ಅಂದು ನೋಡಿ.

ಮಗುವಿಗೆ ತೊಂದರೆ ಇದೆಯಾ ಅಂತ ಕೇಳಿದ್ದೀರಿ. ಮೆಲ್ಲಗೆ ಮುಟ್ಟಿದರೆ, ಸವರಿದರೆ ಮಗುವಿಗೆ ಏನೂ ಆಗುವುದಿಲ್ಲ. ನಿಮ್ಮ ಹೊಟ್ಟೆಯ ಸ್ನಾಯು, ಗರ್ಭಕೋಶದ ದಪ್ಪ ಗೋಡೆ, ಒಳಗಿನ ನೀರು ಇಷ್ಟೂ ಅದನ್ನು ಕಾಯುತ್ತಿರುತ್ತವೆ. ಆ ಭಯ ಬಿಡಿ. ಮಗುವಿಗೆ ತೊಂದರೆ ಆದರೆ ಮಾತ್ರ ಬೇಡ ಅನ್ನಬಹುದು ಅನ್ನುವ ಯೋಚನೆಯನ್ನೂ ಬಿಡಿ. ನಿಮಗೆ ಇಷ್ಟ ಇಲ್ಲ ಅನ್ನುವುದೇ ಸಾಕು.

ಟ್ರೇನಿನ ನೂಕುನುಗ್ಗಲು ಮಾತ್ರ ಬೇರೆ ವಿಷಯ. ಹೊಟ್ಟೆಗೆ ಮೊಣಕೈ ಜೋರಾಗಿ ಬಡಿದರೆ, ಬಿದ್ದರೆ, ಬ್ಯಾಗಿನ ಮೂಲೆ ಗುದ್ದಿದರೆ, ನೋವಿಲ್ಲದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿ. ಜೋರು ಪೆಟ್ಟಿಗೆ ಮಾಸು (ಪ್ಲಾಸೆಂಟಾ) ಗರ್ಭಕೋಶದಿಂದ ಬಿಟ್ಟುಕೊಳ್ಳಬಹುದು, ಅದು ಯಾವಾಗಲೂ ಹೊರಗೆ ರಕ್ತವಾಗಿ ಕಾಣುವುದಿಲ್ಲ. ರಕ್ತ ಕಂಡರೆ, ನೀರು ಸೋರಿದರೆ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಡಿಲವೇ ಆಗದಿದ್ದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಪೆಟ್ಟು ಬಿದ್ದ ವಿಷಯ ತಪ್ಪದೆ ಹೇಳಿ, ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು. ಮತ್ತೆ, ಮುಂಬೈ ಲೋಕಲ್‌ನಲ್ಲಿ ಅಂಗವಿಕಲರ ಡಬ್ಬಾದಲ್ಲಿ ಬಸುರಿಯರೂ ಹೋಗಬಹುದು. ಲೇಡೀಸ್ ಡಬ್ಬಾದಷ್ಟು ಗಲಾಟೆ ಅಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆಫೀಸಿನಲ್ಲಿ ಮಾತಾಡಿ ಒಂದು ಗಂಟೆ ತಡವಾಗಿ ಹೊರಡಲು ಆಗುತ್ತದಾ ನೋಡಿ. ಕೊನೆಯ ಮೂರು ತಿಂಗಳಲ್ಲಿ ಇದು ದೊಡ್ಡ ಉಪಕಾರ.

ಈಗ ಮಾತುಗಳಿಗೆ ಬರೋಣ. ಕೈಗಿಂತ ಮಾತು ಜಾಸ್ತಿ ದಿನ ಉಳಿಯುತ್ತದೆ. "ಹೊಟ್ಟೆಯೇ ಕಾಣಲ್ಲ" ಅಂದದ್ದಕ್ಕೆ ನೀವು ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದೀರೋ ನನಗೆ ಗೊತ್ತಿಲ್ಲ, ನನ್ನ ಪೇಶೆಂಟ್‌ಗಳು ಬಿಟ್ಟಿದ್ದಾರೆ. ಹೊರಗಿನಿಂದ ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಉದ್ದ ಇರುವವರಿಗೆ ಹೊಟ್ಟೆ ಕಡಿಮೆ ಕಾಣುತ್ತದೆ, ಕುಳ್ಳಗಿರುವವರಿಗೆ ಮುಂದೆ ಬರುತ್ತದೆ. ಚೊಚ್ಚಲಿನಲ್ಲಿ ಹೊಟ್ಟೆಯ ಸ್ನಾಯು ಬಿಗಿ ಇರುತ್ತದೆ, ಎರಡನೆಯದರಲ್ಲಿ ಸಡಿಲ. ಮಗು ಅಡ್ಡ ಮಲಗಿದ ದಿನ ಒಂದು ಆಕಾರ, ನೆಟ್ಟಗೆ ಇದ್ದ ದಿನ ಇನ್ನೊಂದು. ನಾವು ಡಾಕ್ಟರುಗಳೇ ಕಣ್ಣಳತೆ ನಂಬುವುದಿಲ್ಲ, ಟೇಪ್ ಹಿಡಿಯುತ್ತೇವೆ. ಕೆಳಗಿನ ಮೂಳೆಯಿಂದ ಗರ್ಭಕೋಶದ ತುದಿಗೆ ಎಷ್ಟು ಸೆಂಟಿಮೀಟರ್ ಅಂತ ಅಳೆದರೆ, 20ನೇ ವಾರದ ನಂತರ ಅದು ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಬರುತ್ತದೆ, ಎರಡು ಆಚೆ ಈಚೆ. ನಿಮಗೆ ಈಗ 26ರಿಂದ 30ರ ಒಳಗೆ ಇದ್ದರೆ ಸರಿ. ಈ ಹೊತ್ತಿಗೆ ಮಗು ಸುಮಾರು ಒಂದು ಕಿಲೋ ಇರುತ್ತದೆ. ಮುಂದಿನ ಸಲ ಚೆಕಪ್‌ಗೆ ಹೋದಾಗ ನಿಮ್ಮ ನಂಬರ್ ಕೇಳಿಕೊಂಡು ಬನ್ನಿ. ಯಾರಾದರೂ ಹೊಟ್ಟೆ ಸಣ್ಣ ಅಂದಾಗ ಆ ನಂಬರ್ ಮನಸ್ಸಿನಲ್ಲಿ ಹೇಳಿಕೊಳ್ಳಿ. ಅವರಿಗೆ ಹೇಳಬೇಕಾಗಿಲ್ಲ.

"ಕಪ್ಪಾಗಿಬಿಟ್ಟೆಯಲ್ಲ" ಅನ್ನುವುದು ಇನ್ನೊಂದು. ಕುತ್ತಿಗೆ, ಕೆನ್ನೆ ಕಪ್ಪಾಗುವುದು, ಹೊಕ್ಕುಳಿಂದ ಕೆಳಗೆ ಕಪ್ಪು ಗೆರೆ ಬರುವುದು ಎಲ್ಲ ಹಾರ್ಮೋನ್‌ನಿಂದ. ಹೆರಿಗೆಯಾಗಿ ಕೆಲವು ತಿಂಗಳಲ್ಲಿ ಬಹುಪಾಲು ತಿಳಿಯಾಗುತ್ತದೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುವುದಿಲ್ಲ, ಬಣ್ಣ ಬರುವುದು ಅಪ್ಪ ಅಮ್ಮನಿಂದ.

ಗಂಡೋ ಹೆಣ್ಣೋ ಅನ್ನುವ ಮಾತಿನ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. "ಹೊಟ್ಟೆ ಚೂಪಾಗಿದೆ, ಮುಲಗಾಚ್ ಹೋಣಾರ" (ಗಂಡೇ ಆಗುವುದು) ಅಂತ ಆಶೀರ್ವಾದದ ಹಾಗೆ ಹೇಳುತ್ತಾರೆ. ಮರಾಠಿಯವರ ಡೋಹಾಳೆ ಜೇವಣದಲ್ಲಿ, ಅಂದರೆ ಅವರ ಸೀಮಂತದಲ್ಲಿ, ಎರಡು ಬಟ್ಟಲು ಮುಚ್ಚಿಟ್ಟು, ಒಂದರಲ್ಲಿ ಪೇಢಾ, ಒಂದರಲ್ಲಿ ಬರ್ಫಿ, ಪೇಢಾ ತೆಗೆದರೆ ಗಂಡು, ಬರ್ಫಿ ತೆಗೆದರೆ ಹೆಣ್ಣು ಅಂತ ಆಟ ಆಡಿಸುತ್ತಾರೆ. ಆಟ ಅಂತಲೇ ಆಡುತ್ತಾರೆ, ನನಗೂ ಗೊತ್ತು. ಆದರೆ ಬರ್ಫಿ ಬಂದಾಗ ಕೋಣೆಯಲ್ಲಿ ಒಂದು ಕ್ಷಣ ದನಿ ತಗ್ಗುವುದನ್ನು ನಾನು ಕೇಳಿದ್ದೇನೆ, ಆ ಬಸುರಿಯ ಮುಖವನ್ನೂ ನೋಡಿದ್ದೇನೆ. ಭ್ರೂಣದ ಲಿಂಗ ಪತ್ತೆಯ ವಿರುದ್ಧ ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ಇದೇ ಮಹಾರಾಷ್ಟ್ರ, 1988ರಲ್ಲಿ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1994ರಲ್ಲಿ ಬಂತು. ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಲಿಂಗ ತಿಳಿಸುವುದು ಅಪರಾಧ. ಹಾಗಾಗಿ "ಸ್ಕ್ಯಾನ್‌ನಲ್ಲಿ ಏನಂದರು?" ಅಂತ ಕೇಳಿದವರಿಗೆ "ಮಗು ಚೆನ್ನಾಗಿದೆ ಅಂದರು" ಅಂತ ಹೇಳಿ ಸುಮ್ನೆ ಆಗಿ. ಹೊಟ್ಟೆಯ ಆಕಾರಕ್ಕೂ ಲಿಂಗಕ್ಕೂ ಸಂಬಂಧ ಇಲ್ಲ. ಅದನ್ನು ನಿರ್ಧರಿಸುವುದು ಗಂಡಸಿನ ವೀರ್ಯಾಣುವಿನ ಎಕ್ಸ್ ಅಥವಾ ವೈ. ತಾಯಿಯ ಕೈಯಲ್ಲಿ ಏನೂ ಇಲ್ಲದ ವಿಷಯಕ್ಕೆ ತಾಯಿಯನ್ನೇ ನಿಲ್ಲಿಸಿ ಕೇಳುವುದು ನಿಲ್ಲಬೇಕು.

ಈಗ ಲಿಫ್ಟ್‌ನ ಹಿರಿಯರ ವಿಷಯ. ಇದನ್ನು ಟ್ರೇನಿನ ಹೆಂಗಸರ ಜೊತೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಾನು ಬೇರೆ ಇಡುತ್ತೇನೆ. ನಮ್ಮಲ್ಲಿ ಆಶೀರ್ವಾದ ಮಾಡುವವರು ತಲೆ ಮೇಲೆ ಕೈ ಇಡುತ್ತಾರೆ, ಅದೂ ನಾವು ಬಗ್ಗಿ ನಮಸ್ಕಾರ ಮಾಡಿದಾಗ. ಮುಚ್ಚಿದ ಲಿಫ್ಟ್‌ನಲ್ಲಿ, ಒಬ್ಬಳೇ ಇರುವಾಗ, ಹೊಟ್ಟೆ ಮುಟ್ಟುವುದು ಯಾವ ಊರಿನ ಪದ್ಧತಿಯೂ ಅಲ್ಲ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನೀವು ಕಂಡುಹಿಡಿಯಬೇಕಾಗಿಲ್ಲ. ಮುಂದಿನ ಸಲ ಅವರು ಒಳಗಿದ್ದರೆ ನೀವು ಹತ್ತಬೇಡಿ, ಇನ್ನೊಂದು ಸಲ ಬರಲಿ. ಕೈ ಚಾಚಿದರೆ "ಅಂಕಲ್, ಮುಟ್ಟಬೇಡಿ" ಅಂತ ಜೋರಾಗಿ ಹೇಳಿ, ಹೊರಗೆ ಕೇಳುವಷ್ಟು ಜೋರಾಗಿ. ಇವತ್ತೇ ಗಂಡನಿಗೆ ದಿನಾಂಕ ಸಮೇತ ಹೇಳಿ, ನೀವೂ ಬರೆದಿಟ್ಟುಕೊಳ್ಳಿ. ಗಂಡ ಹೋಗಿ ಅವರ ಹತ್ತಿರ ಒಂದು ಸಲ ನೇರವಾಗಿ ಮಾತಾಡಲಿ, ಇದು ಅವರ ಕೆಲಸವೂ ಹೌದು. ಆಮೇಲೂ ನಿಲ್ಲದಿದ್ದರೆ ಸೊಸೈಟಿಯ ಸೆಕ್ರೆಟರಿಗೆ ಬರವಣಿಗೆಯಲ್ಲಿ ಕೊಡಿ, ಪೊಲೀಸರಿಗೂ ಹೋಗಬಹುದು. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಉದ್ದೇಶದಿಂದ ಮೈ ಮುಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್‌ನಲ್ಲಿ ಬರುತ್ತದೆ, ಲೈಂಗಿಕ ಕಿರುಕುಳ 75ರಲ್ಲಿ. ಬಸುರಿಯಾದ ಮಾತ್ರಕ್ಕೆ ಈ ಕಾನೂನು ನಿಮಗೆ ಕಡಿಮೆ ಆಗುವುದಿಲ್ಲ. ತುರ್ತಿಗೆ 112, ಟ್ರೇನ್‌ನಲ್ಲಾದರೆ 139, ಎರಡನ್ನೂ ಫೋನಿನಲ್ಲಿ ಹಾಕಿಕೊಳ್ಳಿ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ದೂರು ಕೊಡಬಹುದು.

ನಿಮ್ಮ ಗಂಡನಿಗೆ ಈ ಉತ್ತರ ಓದಿಸಿ. ಅವರು ಕೆಟ್ಟವರಲ್ಲ, ಅವರ ಮೈಯನ್ನು ಯಾರೂ ಹೀಗೆ ಮುಟ್ಟಿಲ್ಲ, ಅದಕ್ಕೆ ತಿಳಿಯುತ್ತಿಲ್ಲ. ಅವರ ಕಂಪನಿಯ ಯಾರೋ ದಿನಾ ಬಂದು ಕೇಳದೆ ಅವರ ಹೊಟ್ಟೆ ಸವರಿ "ದಪ್ಪ ಆದೆಯಲ್ಲ" ಅಂದರೆ ಎಷ್ಟು ದಿನ ಸಹಿಸುತ್ತಾರೆ ಅಂತ ಕೇಳಿ. ಅವ್ವನ ಹತ್ತಿರ ವಾದ ಮಾಡಬೇಡಿ. "ಅವ್ವಾ, ನೀ ಬಸುರಿದ್ದಾಗ ನಿನಗ ಯಾರ್ ಮುಟ್ಟಿದ್ರ ಬ್ಯಾಸರ ಆಗ್ತಿತ್ತು?" ಅಂತ ಒಂದು ಸಲ ಕೇಳಿ ನೋಡಿ. ನಾನು ನನ್ನ ಅಮ್ಮನನ್ನು ಕೇಳಿದ್ದೆ. ಮೂವತ್ತು ವರ್ಷ ಯಾರಿಗೂ ಹೇಳದ ಒಂದು ಹೆಸರು ಹೇಳಿದರು.

ಟ್ರೇನ್ ಹತ್ತುವುದೇ ಬೇಡ ಅನಿಸುವುದು, ಸುಮ್ಮಸುಮ್ಮನೆ ಅಳು, ಎರಡು ವಾರ ಕಳೆದರೂ ನಿದ್ದೆ ಊಟ ಸೇರದಿರುವುದು, ಇವೆಲ್ಲ ಇದ್ದರೆ ನಿಮ್ಮ ಡಾಕ್ಟರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ.

ಇನ್ನು ಕುಬಸ. ಅದು ನಿಮ್ಮ ಸಂತೋಷದ ದಿನ, ಭಯದಲ್ಲಿ ಕಳೆಯಬಾರದು. ಉಡಿ ತುಂಬುವುದು, ಹಸಿರು ಬಳೆ ತೊಡಿಸುವುದು, ಆರತಿ, ಯಾವುದಕ್ಕೂ ಹೊಟ್ಟೆ ಮುಟ್ಟುವ ಅಗತ್ಯ ಇಲ್ಲ. ಅವ್ವ, ಅತ್ತೆ, ಅಕ್ಕ, ನಿಮಗೆ ಯಾರು ಮುಟ್ಟಿದರೆ ಹಿತ ಅನಿಸುತ್ತದೋ ಅವರ ಹೆಸರು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಅವರಿಗೆ ನೀವೇ ಕೈ ಹಿಡಿದು ಮಗು ಒದೆಯುವ ಜಾಗ ತೋರಿಸಿ. ಉಳಿದವರಿಗೆ ಒಂದು ಏರ್ಪಾಡು ಬೇಕು. ನಂಬಿಕೆಯ ಗೆಳತಿಯೋ ನಾದಿನಿಯೋ ಒಬ್ಬರು ಇಡೀ ಹೊತ್ತು ನಿಮ್ಮ ಪಕ್ಕದಲ್ಲೇ ಕೂರಲಿ. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಇರುವಾಗ ನಿಮ್ಮ ಎರಡೂ ಕೈ ಅದನ್ನು ಹಿಡಿದಿರುತ್ತವೆ, ಆಗ ಬರುವ ಕೈಯನ್ನು ನೀವು ತಡೆಯಲು ಆಗುವುದಿಲ್ಲ. ಆ ಕೆಲಸ ಅವರಿಗೆ ಒಪ್ಪಿಸಿ: "ಅಜ್ಜೀ, ಹೊಟ್ಟೆ ಬ್ಯಾಡ್ರಿ, ತಲಿ ಮ್ಯಾಲ ಕೈ ಇಡ್ರಿ" ಅಂತ ಅವರೇ ಹೇಳಲಿ. ಎರಡು ವಾರ ಇದೆ, ಇವತ್ತೇ ಅವರಿಗೆ ಫೋನ್ ಮಾಡಿ.